ಯು 87ರ ದನಿ, ಕೈಗೆಟುಕುವ ಹಣದಲ್ಲಿ

ಕೊಡಗಿನಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಡೆನ್ಸರ್ ಮೈಕಿನ (ಚಾರ್ಜ್ ಇರುವ ತೆಳು ಪೊರೆಯಿಂದ ದನಿ ಹಿಡಿಯುವ ಮೈಕ್) ಬಗ್ಗೆಯೇ ಇದ್ದವು. ಆರು ಪ್ರಶ್ನೆಗಳನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯ ಕೋಣೆಯಲ್ಲಿ ಭಾವಗೀತೆ ಹಾಡಿ ರೆಕಾರ್ಡ್ ಮಾಡುತ್ತೇನೆ. ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ನ್ಯೂಮನ್ ಕಂಪನಿಯ ದುಬಾರಿ ಮೈಕ್ ಯು 87ರ ಮುಂದೆ ಹಾಡಿದಾಗ ಬಂದ ದನಿ ಮನೆಯಲ್ಲೂ ಬೇಕೆಂಬ ಆಸೆ. ಅದರಂತೆಯೇ ಇದೆ ಎಂದು ಹೇಳಿದ ಅಗ್ಗದ ಮೈಕ್ ಕೊಂಡೆ. ‘ಸ’, ‘ಶ’ ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ. ಏಕೆ ಹೀಗೆ? ಇನ್ನು 25–30 ಸಾವಿರ ಹಾಕಬಲ್ಲೆ, ಯಾವುದು ಕೊಳ್ಳಲಿ? (ಮಡಿಕೇರಿ)

ಉತ್ತರ: ಚುಚ್ಚುವುದು ಏಕೆಂದು ತಿಳಿದರೆ ಯಾವುದು ಕೊಳ್ಳಬೇಕೆಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ಯು 87 ಬಂದದ್ದು 1967ರಲ್ಲಿ. ಅದರ ಕ್ಯಾಪ್ಸುಲ್‌ನ (ದನಿ ಹಿಡಿಯುವ ಪೊರೆ ಇರುವ ಭಾಗ) ಮೂಲ ಇನ್ನೂ ಹಿಂದಿನದು, 1960ರ ಯು 67 ಎಂಬ ವಾಲ್ವ್ ಮೈಕಿಗಾಗಿ ಮಾಡಿದ ಕೆ67. ಈ ಕ್ಯಾಪ್ಸುಲ್ ಮೇಲಿನ ಆವರ್ತನಗಳನ್ನು, ಮುಖ್ಯವಾಗಿ 8ರಿಂದ 12 ಕಿಲೋಹರ್ಟ್ಸ್ ಭಾಗವನ್ನು, ಎತ್ತಿ ಕೊಡುತ್ತದೆ. ಅದು ಬೇಕೆಂದೇ ಮಾಡಿದ್ದು. ಅದರ ಹಿಂದಿರುವ ಸರ್ಕ್ಯೂಟಿನಲ್ಲಿ ಅದೇ ಭಾಗವನ್ನು ತಗ್ಗಿಸುವ ಫೀಡ್‌ಬ್ಯಾಕ್ ಇದೆ. ಇದನ್ನು ಡಿ-ಎಂಫಸಿಸ್ ಎನ್ನುತ್ತಾರೆ. ಕ್ಯಾಪ್ಸುಲ್ ಎತ್ತುತ್ತದೆ, ಸರ್ಕ್ಯೂಟ್ ಇಳಿಸುತ್ತದೆ. ಇಳಿಸುವಾಗ ಸರ್ಕ್ಯೂಟಿನ ‘ಹಿಸ್’ ಸದ್ದೂ ಜೊತೆಗೆ ಇಳಿಯುತ್ತದೆ. ಕೊನೆಗೆ ಹೊರಬರುವ ದನಿ ಸ್ಪಷ್ಟವಾಗಿಯೂ ಇರುತ್ತದೆ, ಮೆತ್ತಗೂ ಇರುತ್ತದೆ.

ಅಗ್ಗದ ಮೈಕ್ ತಯಾರಿಸುವವರಲ್ಲಿ ಬಹಳ ಮಂದಿ ನಕಲು ಮಾಡಿದ್ದು ಕ್ಯಾಪ್ಸುಲ್ಲನ್ನು ಮಾತ್ರ. ಸರ್ಕ್ಯೂಟನ್ನು ಬೇರೆ ಕಡೆಯಿಂದ ತಂದರು, ಶೋಪ್ಸ್ ಮೈಕುಗಳ ಮಾದರಿಯ ಟ್ರಾನ್ಸ್‌ಫಾರ್ಮರ್ ಇಲ್ಲದ ಸರಳ ಸರ್ಕ್ಯೂಟ್. ಆ ಸರ್ಕ್ಯೂಟ್ ಒಳ್ಳೆಯದೇ. ಆದರೆ ಅದು ಬಂದದ್ದನ್ನು ಬಂದ ಹಾಗೆ ಕಳಿಸುತ್ತದೆ, ಇಳಿಸುವ ಕೆಲಸ ಮಾಡುವುದಿಲ್ಲ. ಎತ್ತಿದ್ದು ಎತ್ತಿದಂತೆಯೇ ಉಳಿದು ನಿಮ್ಮ ‘ಸ’ಕಾರದ ಮೇಲೆ ಕೂರುತ್ತದೆ. ಮೈಕಿನ ಹೊರರೂಪ ಯು 87ರಂತಿರುವುದಕ್ಕೂ ದನಿಗೂ ಯಾವ ಸಂಬಂಧವೂ ಇಲ್ಲ. ಕ್ಯಾಪ್ಸುಲ್ ಮತ್ತು ಸರ್ಕ್ಯೂಟ್ ಒಂದಕ್ಕೊಂದು ಒಪ್ಪಬೇಕು. ಕೊಳ್ಳುವಾಗ ನೋಡಬೇಕಾದ್ದು ಇದನ್ನೇ.

ಹೊಸದು ಕೊಳ್ಳುವ ಮೊದಲು ಇದ್ದದ್ದರಲ್ಲೇ ಒಂದು ಪ್ರಯೋಗ ಮಾಡಿ. ರೆಕಾರ್ಡಿಂಗ್ ಸಾಫ್ಟ್‌ವೇರಿನ ಈಕ್ವಲೈಸರ್ ತೆರೆದು 10 ಕಿಲೋಹರ್ಟ್ಸ್ ಸುತ್ತ ಅಗಲವಾದ ಇಳಿಕೆ ಕೊಡಿ: ಕ್ಯೂ 0.7ರಿಂದ 1, ಇಳಿಕೆ 3ರಿಂದ 5 ಡಿಬಿ. ಕ್ಯೂ ಹೆಚ್ಚಿಸಿ ಕಿರಿದಾದ ಗುಂಡಿ ತೋಡಿದರೆ ದನಿ ಮೂಗಿನಿಂದ ಬಂದಂತಾಗುತ್ತದೆ. ಜೊತೆಗೆ ಮೈಕನ್ನು ಬಾಯಿಗೆ ನೇರ ಇಡದೆ 15–20 ಡಿಗ್ರಿ ಪಕ್ಕಕ್ಕೆ ತಿರುಗಿಸಿ. ಉಸಿರು, ‘ಸ’ಕಾರ ಎರಡೂ ನೇರ ಮುಂದಕ್ಕೆ ಹೋಗುತ್ತವೆ, ಮೈಕ್ ಬದಿಯಲ್ಲಿರುತ್ತದೆ. ದೂರ 15ರಿಂದ 20 ಸೆಂ.ಮೀ., ಪಾಪ್ ಫಿಲ್ಟರ್ (ಉಸಿರಿನ ಪೆಟ್ಟು ತಡೆಯುವ ಪರದೆ) ಮೈಕಿನಿಂದ 5–8 ಸೆಂ.ಮೀ. ಮುಂದೆ. ಹಲವರಿಗೆ ಇಷ್ಟಕ್ಕೇ ಸಮಾಧಾನವಾಗುತ್ತದೆ.

ಆಗದಿದ್ದರೆ, ನಿಮ್ಮ ಬಜೆಟ್ಟಿಗೆ ನಮ್ಮ ಆಯ್ಕೆ ರೋಡ್ ಎನ್‌ಟಿ1ರ ಐದನೇ ತಲೆಮಾರು. ಇದು ಯು 87ರ ನಕಲಲ್ಲ, ಅದರ ಸರ್ಕ್ಯೂಟೂ ಬೇರೆ, ಕ್ಯಾಪ್ಸುಲ್ಲೂ ಬೇರೆ. ಆದರೆ ಎರಡೂ ಒಬ್ಬರೇ ಒಟ್ಟಿಗೆ ಮಾಡಿದ್ದು, ಒಂದಕ್ಕೊಂದು ಹೊಂದಿಕೊಂಡದ್ದು. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಕೇಬಲ್) ಮತ್ತು ಯುಎಸ್‌ಬಿ ಎರಡೂ ಇರುವುದರಿಂದ, ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್ ಕೆಟ್ಟ ದಿನವೂ ಕೆಲಸ ನಿಲ್ಲುವುದಿಲ್ಲ. ಅದೇ ಕಂಪನಿಯ ಹಳೆಯ ಎನ್‌ಟಿ1-ಎ ಹೆಸರಿನಲ್ಲಿ ಒಂದೇ ಅಕ್ಷರ ಬೇರೆ. ಆದರೆ ಅದರ ದನಿಯ ಮೇಲ್ಭಾಗ ಹೆಚ್ಚು ಹರಿತ. ‘ಸ’ಕಾರದ ತೊಂದರೆ ಇರುವವರು ಅಂಗಡಿಯಲ್ಲಿ ಪೂರ್ತಿ ಹೆಸರು ಓದಿ ತೆಗೆದುಕೊಳ್ಳಬೇಕು.

ಇನ್ನೂ ಉಳಿಸಬೇಕೆಂದರೆ ಆಡಿಯೋ-ಟೆಕ್ನಿಕಾ ಎಟಿ2035. 80 ಹರ್ಟ್ಸ್ ಕೆಳಗಿನದನ್ನು ಕಡಿಯುವ ಸ್ವಿಚ್ಚು, ಜೋರು ದನಿಯನ್ನು 10 ಡಿಬಿ ತಗ್ಗಿಸುವ ಪ್ಯಾಡ್ ಎರಡೂ ಇವೆ. ಇದರ ತಮ್ಮ ಎಟಿ2020ರ ಸ್ವಂತ ಸದ್ದು (ಯಾರೂ ಹಾಡದಿದ್ದಾಗಲೂ ಮೈಕ್ ತಾನೇ ಮಾಡುವ ಹಿಸ್) 20 ಡಿಬಿ. ಜೋರಾಗಿ ಹಾಡುವವರಿಗೆ ಸಾಕು, ಪಿಸುದನಿಯ ಭಾವಗೀತೆಗೆ ಸಾಲದು. ನಿಜವಾಗಿಯೂ ಯು 87ರ ಸರ್ಕ್ಯೂಟಿನ ಹಾದಿಯೇ ಬೇಕು ಎಂದರೆ ವಾರ್ಮ್ ಆಡಿಯೋದ ಡಬ್ಲ್ಯೂಎ-87 ಆರ್2 ಇದೆ: ಕೆ67 ವಂಶದ ಕೆ87 ಬಗೆಯ ಕ್ಯಾಪ್ಸುಲ್, ಟ್ರಾನ್ಸ್‌ಫಾರ್ಮರ್, ದನಿ ಹಿಡಿಯುವ ಮೂರು ದಿಕ್ಕಿನ ಆಯ್ಕೆ (ಮುಂದೆ ಮಾತ್ರ, ಸುತ್ತಲೂ, ಮುಂದೆ ಮತ್ತು ಹಿಂದೆ). ಅದು ನಿಮ್ಮ ಬಜೆಟ್ಟನ್ನು ದಾಟುತ್ತದೆ. ನ್ಯೂಮನ್ ಹೆಸರೇ ಬೇಕೆಂದು ಟಿಎಲ್‌ಎಂ 102 ಕೊಳ್ಳುವವರೂ ಇದ್ದಾರೆ. ಒಳ್ಳೆಯ ಮೈಕ್ ಅದು, ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲ, ಒಂದೇ ದಿಕ್ಕು. ಯು 87ರ ಚಿಕ್ಕ ರೂಪವೆಂದು ಭಾವಿಸಿ ಕೊಳ್ಳಬೇಡಿ.

ಸ್ವಂತ ಸದ್ದಿನ ಅಂಕೆಗಳ ಹಿಂದೆ ಬೀಳಬೇಡಿ. ಈಗಿನ ಯು 87 ಎಐಯದು 12 ಡಿಬಿ-ಎ. ಎಟಿ2035ರದ್ದೂ 12. ಎನ್‌ಟಿ1ರದ್ದು 4. ಆದರೆ ಮನೆಯ ಕೋಣೆ ರಾತ್ರಿ ಹನ್ನೊಂದಕ್ಕೂ 25–30 ಡಿಬಿಗಿಂತ ಕೆಳಗೆ ಇಳಿಯುವುದು ಅಪರೂಪ. ಮಳೆ ಶುರುವಾದರಂತೂ ಶೀಟಿನ ಮಾಡಿನ ಕೆಳಗೆ ಯಾವ ಮೈಕಿನ ಅಂಕೆಗೂ ಅರ್ಥವಿಲ್ಲ. ಕೈಯಲ್ಲಿ 30 ಸಾವಿರ ಇದ್ದರೆ ಐದು ಸಾವಿರವನ್ನು ಹಾಡುವವರ ಬೆನ್ನ ಹಿಂದೆ ಮತ್ತು ಎರಡು ಬದಿಗೆ ತೂಗುಹಾಕುವ ದಪ್ಪ ರಜಾಯಿ, ಗಟ್ಟಿ ಸ್ಟ್ಯಾಂಡ್, ಒಳ್ಳೆಯ ಕೇಬಲ್‌ಗೆ ಎತ್ತಿಡಿ. ಬೆನ್ನ ಹಿಂದೆ ಏಕೆಂದರೆ ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನ ದನಿ ಹಿಡಿಯುವ) ಮೈಕ್ ನೋಡುತ್ತಿರುವುದು ಆ ಗೋಡೆಯನ್ನೇ. ಬಹಳ ಮಂದಿ ಮೈಕಿನ ಹಿಂದಿನ ಗೋಡೆಗೆ ಫೋಮ್ ಅಂಟಿಸಿ ಹಾಡುವವರ ಹಿಂದಿನ ಗೋಡೆಯನ್ನು ಬರಿದಾಗಿ ಬಿಡುತ್ತಾರೆ.

ಪ್ರಶ್ನೆ: ನನ್ನ ಬಳಿ ಅಂಥದೇ ಒಂದು ಹರಿತ ದನಿಯ ಮೈಕ್ ಇದೆ. ಬೆಸುಗೆ ಹಾಕುವ ಅಭ್ಯಾಸವಿದೆ. ಕ್ಯಾಪ್ಸುಲ್ ಬದಲಿಸಿದರೆ ಸರಿಹೋಗುತ್ತದೆಯೇ? (ವಿರಾಜಪೇಟೆ)

ಉತ್ತರ: ಹೋಗುತ್ತದೆ, ಆದರೆ ಎಲ್ಲ ಮೈಕಿಗೂ ಅಲ್ಲ. ಮೊದಲು ಜಾಲರಿ ತೆಗೆದು ನೋಡಿ. ಒಳಗಿರುವುದು 34 ಮಿ.ಮೀ. ಅಗಲದ ಚಿನ್ನದ ಬಣ್ಣದ ಪೊರೆ, ನಟ್ಟನಡುವೆ ಒಂದು ಸ್ಕ್ರೂ, ಅದರಿಂದ ಹೊರಟ ತಂತಿ ಎಂದಾದರೆ ಮುಂದುವರಿಯಬಹುದು. ದೊಡ್ಡ ಜಾಲರಿಯ ನಡುವೆ ಗುಂಡಿಯಷ್ಟು ಪುಟ್ಟ ಕ್ಯಾಪ್ಸುಲ್ ಕಂಡರೆ ಅದು ಎಲೆಕ್ಟ್ರೆಟ್, ಅಂದರೆ ಚಾರ್ಜ್ ಅದರಲ್ಲೇ ಶಾಶ್ವತವಾಗಿರುವ ಬಗೆ. ಅದರ ಸರ್ಕ್ಯೂಟ್ ಕ್ಯಾಪ್ಸುಲ್ಲಿಗೆ ಧ್ರುವೀಕರಣದ ವೋಲ್ಟೇಜ್ ಕೊಡುವುದೇ ಇಲ್ಲ, ಹೊಸ ಕ್ಯಾಪ್ಸುಲ್ ಹಾಕಿದರೂ ದನಿ ಬರುವುದಿಲ್ಲ.

ಹಾಕಬೇಕಾದ್ದು ಕೆ47 ಬಗೆಯ ಕ್ಯಾಪ್ಸುಲ್. ಇದು 1949ರ ಯು 47 ಮೈಕಿನ ವಂಶದ್ದು. ಮೇಲ್ಭಾಗವನ್ನು ಕೆ67ರಷ್ಟು ಎತ್ತುವುದಿಲ್ಲವಾದ್ದರಿಂದ ಇಳಿಸುವ ಭಾಗವಿಲ್ಲದ ಸರಳ ಸರ್ಕ್ಯೂಟಿಗೆ ಸಹಜವಾಗಿ ಕೂರುತ್ತದೆ. ಯು 87ರ ದನಿಯೇ ಬರುವುದಿಲ್ಲ, ಮಧ್ಯಮ ಸ್ವರಗಳು ತುಸು ಮುಂದೆ ಬರುತ್ತವೆ. ಕನ್ನಡದ ಉಚ್ಚಾರಕ್ಕೆ ಅದು ನಷ್ಟವೇನಲ್ಲ.

ಫ್ಯಾಂಟಮ್ (ಕೇಬಲ್ ಮೂಲಕ ಮೈಕಿಗೆ ಹೋಗುವ 48 ವೋಲ್ಟ್) ಆರಿಸಿ, ಕೇಬಲ್ ಕಳಚಿ, ಕೆಪಾಸಿಟರುಗಳು ಖಾಲಿಯಾಗಲು ಐದು ನಿಮಿಷ ಬಿಡಿ. ಕೆಳಗಿನ ಉಂಗುರ ತಿರುಗಿಸಿ ಕೊಳವೆ ಜಾರಿಸಿ, ಜಾಲರಿಯ ಸ್ಕ್ರೂ ತೆಗೆಯಿರಿ. ಬಿಚ್ಚುವ ಮೊದಲು ತಂತಿಗಳ ಫೋಟೋ ತೆಗೆದಿಟ್ಟುಕೊಳ್ಳಿ: ಮುಂದಿನ ಪೊರೆಯ ತಂತಿ ಎಲ್ಲಿಗೆ, ಬೆನ್ನುತಟ್ಟೆಯದು (ಪೊರೆಯ ಹಿಂದಿನ ಲೋಹದ ತಟ್ಟೆ) ಎಲ್ಲಿಗೆ. ಹಳೆಯ ಕ್ಯಾಪ್ಸುಲ್ಲಿನ ತಂತಿಗಳನ್ನು ಬೋರ್ಡಿನ ಕಡೆಯಿಂದ ಬಿಡಿಸಿ. ಹೊಸದನ್ನು ಅಂಚು ಹಿಡಿದೇ ಎತ್ತಬೇಕು. ಪೊರೆ ಸುಮಾರು 6 ಮೈಕ್ರಾನ್ ದಪ್ಪದ್ದು, ಬೆರಳು ತಾಗಿದರೆ ಕತೆ ಮುಗಿಯಿತು. ಧೂಳು ಕಂಡಿತೆಂದು ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಸೇರುತ್ತದೆ. ಬೆಸುಗೆ ಯಾವತ್ತೂ ಬೋರ್ಡಿನ ಕಡೆ ಮಾತ್ರ, 25 ವ್ಯಾಟ್ ಐರನ್ ಸಾಕು. ಕ್ಯಾಪ್ಸುಲ್ಲಿನ ಮೇಲೆ ಕಾವು ತಾಗಿಸಿದರೆ ಪೊರೆ ಸುಕ್ಕುಗಟ್ಟುತ್ತದೆ.

ಎರಡು ಪೊರೆಯ ಕ್ಯಾಪ್ಸುಲ್ಲನ್ನು ಒಂದೇ ದಿಕ್ಕಿನ ಮೈಕಿಗೆ ಹಾಕುತ್ತಿದ್ದರೆ ಹಿಂದಿನ ಪೊರೆಯ ತಂತಿಯನ್ನು ಬೆನ್ನುತಟ್ಟೆಯ ತಂತಿಯ ಜೊತೆಗೇ ಸೇರಿಸಿ, ಸುಮ್ಮನೆ ತೇಲಲು ಬಿಡಬೇಡಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಕ್ಯಾಪ್ಸುಲ್ ಮತ್ತು ಅದರ ಸಿಗ್ನಲ್ ಪಡೆಯುವ ಟ್ರಾನ್ಸಿಸ್ಟರ್ (ಎಫ್‌ಇಟಿ) ಕೂಡುವ ಜಾಗದಲ್ಲಿ 1 ಗಿಗಾಓಮ್ ಮಟ್ಟದ ರೆಸಿಸ್ಟರುಗಳಿರುತ್ತವೆ. ಅಲ್ಲಿ ಬೆಸುಗೆಯ ಫ್ಲಕ್ಸ್ ಅಥವಾ ಬೆರಳಿನ ಬೆವರಿನ ಕಲೆ ಉಳಿದರೆ ಅದೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಜೂನ್ ಬಂದೊಡನೆ ಚಟಪಟ ಶುರು. 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೆತ್ತನೆಯ ಬ್ರಶ್ಶಿನಲ್ಲಿ ಅದ್ದಿ ಆ ಜಾಗವನ್ನು ಎರಡು ಸಲ ತೊಳೆದು ಒಣಗಿಸಿ. ಒಂದು ಹನಿಯೂ ಪೊರೆಯ ಮೇಲೆ ಬೀಳಬಾರದು.

ಮುಚ್ಚಿದ ಮೇಲೆ 50 ಹರ್ಟ್ಸ್ ಗುಂಯ್ ಸದ್ದು ಬಂದರೆ, ಅದು ಜಾಲರಿಗೆ ಕೈ ತಾಗಿಸಿದಾಗ ಬದಲಾಗುತ್ತಿದ್ದರೆ, ಜಾಲರಿ ದೇಹಕ್ಕೆ ಸರಿಯಾಗಿ ತಾಗುತ್ತಿಲ್ಲ. ಸ್ಕ್ರೂ ಕೂರುವ ಜಾಗದ ಪೇಂಟ್ ಸ್ವಲ್ಪ ಕೆರೆಯಿರಿ.

ಪ್ರಶ್ನೆ: ಪರಿಚಯದವರ ಮೂಲಕ ಹಳೆಯ ಯು 87 ಒಂದು 40 ಸಾವಿರಕ್ಕೆ ಬಂದಿದೆ. ಅಸಲಿ ಎಂದು ತಿಳಿಯುವುದು ಹೇಗೆ? (ಕುಶಾಲನಗರ)

ಉತ್ತರ: ಆ ಬೆಲೆಯೇ ಅನುಮಾನಕ್ಕೆ ಕಾರಣ. ಯು 87 ಎಐ (1986ರಿಂದ ಬರುತ್ತಿರುವುದು) 200 ಮಿ.ಮೀ. ಉದ್ದ, 56 ಮಿ.ಮೀ. ವ್ಯಾಸ, ಸುಮಾರು 500 ಗ್ರಾಂ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತೀರಾ ಹಗುರವಿದ್ದರೆ ಅಲ್ಲಿಗೇ ಬಿಡಿ. ತೂಕ ಸರಿಯಿದ್ದರೆ ಮೂರು ದಿಕ್ಕಿನ ಸ್ವಿಚ್ಚನ್ನು ಪರೀಕ್ಷಿಸಿ. ಕಾರ್ಡಿಯಾಯ್ಡ್‌ನಲ್ಲಿ ಮೈಕಿನ ಹಿಂದೆ ನಿಂತು ಮಾತಾಡಿದರೆ ದನಿ ಬಹಳ ತಗ್ಗಬೇಕು. ಓಮ್ನಿಯಲ್ಲಿ ಮುಂದೆ ಹಿಂದೆ ಒಂದೇ ಮಟ್ಟ. ಎಂಟರ ಆಕಾರದಲ್ಲಿ ಎರಡು ಬದಿಗಳಲ್ಲಿ ದನಿ ಹೆಚ್ಚುಕಮ್ಮಿ ಮಾಯವಾಗಬೇಕು. ಹಲವು ನಕಲಿ ಮೈಕುಗಳಲ್ಲಿ ಸ್ವಿಚ್ಚು ತಿರುಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಇದಾದ ಮೇಲೂ ಅನುಮಾನವಿದ್ದರೆ ಸೀರಿಯಲ್ ಸಂಖ್ಯೆಯ ಫೋಟೋವನ್ನು ನ್ಯೂಮನ್ ಕಂಪನಿಗೆ ಕಳಿಸಿ ವಿಚಾರಿಸಿ, ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ.

ಪ್ರಶ್ನೆ: ಕಕ್ಕಡ (ಕೊಡವರ ಜೋರು ಮಳೆಯ) ತಿಂಗಳು ಬಂದರೆ ನಮ್ಮ ಕಂಡೆನ್ಸರ್ ಮೈಕ್ ಚಟಪಟ ಎನ್ನುತ್ತದೆ, ಒಮ್ಮೊಮ್ಮೆ ದನಿಯೇ ಕುಗ್ಗುತ್ತದೆ. ಬಿಸಿಲು ಬಂದಾಗ ತಾನೇ ಸರಿಯಾಗುತ್ತದೆ. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದೇ? (ನಾಪೋಕ್ಲು)

ಉತ್ತರ: ದಯವಿಟ್ಟು ಅಟ್ಟದಲ್ಲಿ ಇಡಬೇಡಿ. ಬೆಚ್ಚಗೇನೋ ಇರುತ್ತದೆ, ಆದರೆ ಒಲೆಯ ಹೊಗೆಯ ಮಸಿ ಜಾಲರಿ ದಾಟಿ ಪೊರೆಯ ಮೇಲೆ ಕೂರುತ್ತದೆ. ಜಿಡ್ಡಿನ ಮಸಿಗೆ ತೇವ ಇನ್ನಷ್ಟು ಅಂಟುತ್ತದೆ. ಮುಂದಿನ ಮಳೆಗಾಲಕ್ಕೆ ತೊಂದರೆ ದುಪ್ಪಟ್ಟಾಗುತ್ತದೆ.

ಕಾರಣ ಮೇಲೆ ಹೇಳಿದ ಗಿಗಾಓಮ್ ಜಾಗವೇ. ಗಾಳಿಯ ತೇವ ಅಲ್ಲಿ ತೆಳುವಾಗಿ ಕುಳಿತರೆ ಕ್ಯಾಪ್ಸುಲ್ಲಿನ ಚಾರ್ಜ್ ಸೋರುತ್ತದೆ. ತುಸು ಸೋರಿದರೆ ಚಟಪಟ, ಹೆಚ್ಚು ಸೋರಿದರೆ ದನಿ ಕುಗ್ಗುವುದು. ಮೈಕ್ ಕೆಟ್ಟಿಲ್ಲ, ಒದ್ದೆಯಾಗಿದೆ ಅಷ್ಟೇ.

ರಬ್ಬರ್ ಅಂಚಿನ, ಗಾಳಿಯಾಡದ 10 ಲೀಟರಿನ ಡಬ್ಬಿ ತನ್ನಿ. 200 ಗ್ರಾಂ ಬಣ್ಣ ಬದಲಾಗುವ ಸಿಲಿಕಾ ಜೆಲ್ಲನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಒಳಗಿಡಿ, ಜೊತೆಗೆ ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್. ಡಬ್ಬಿಯೊಳಗಿನ ತೇವಾಂಶ ಶೇಕಡ 40ರಿಂದ 50ರಲ್ಲಿ ನಿಲ್ಲಬೇಕು. ಜೆಲ್ಲಿನ ಬಣ್ಣ ತಿರುಗಿದಾಗ (ನೀಲಿ ಗುಲಾಬಿಯಾಗುತ್ತದೆ, ಕಿತ್ತಳೆ ಹಸಿರಾಗುತ್ತದೆ) ಚೀಲದಿಂದ ತಟ್ಟೆಗೆ ಸುರಿದು ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಆರಿದ ಮೇಲೆ ಮತ್ತೆ ಬಳಸಿ. ಅಡುಗೆಯ ತಟ್ಟೆ ಬೇಡ, ಇದಕ್ಕೆಂದೇ ಬೇರೆ ಇಡಿ. ಅಕ್ಕಿ ತುಂಬಿಸುವುದು ಬೇಡವೇ ಬೇಡ, ಅದರ ಪುಡಿ ಜಾಲರಿಯೊಳಗೆ ಹೋಗುತ್ತದೆ. ಪಾರ್ಚ್‌ಮೆಂಟ್ ಕಾಫಿಯ ತೇವವನ್ನು ಶೇಕಡ 10ಕ್ಕೆ ಇಳಿಸಲು ತೋಟದವರು ಎಷ್ಟು ಜಾಗ್ರತೆ ಮಾಡುತ್ತಾರೋ ಅಷ್ಟೇ ಜಾಗ್ರತೆ ಮೈಕಿಗೂ ಸಲ್ಲಬೇಕು.

ಈಗಾಗಲೇ ಚಟಪಟ ಶುರುವಾಗಿದ್ದರೆ ಫ್ಯಾಂಟಮ್ ಆರಿಸಿ, ಮೈಕನ್ನು ಆ ಡಬ್ಬಿಯಲ್ಲಿ 24ರಿಂದ 48 ಗಂಟೆ ಬಿಡಿ. ಹೇರ್ ಡ್ರೈಯರ್, ನೇರ ಬಿಸಿಲು ಎರಡೂ ಪೊರೆಯ ಬಿಗಿತವನ್ನು ಕೆಡಿಸುತ್ತವೆ. ಒಣಗಿದ ಮೇಲೂ ಸದ್ದು ನಿಲ್ಲದಿದ್ದರೆ ಒಳಗೆ ಕೊಳೆ ಕುಳಿತಿದೆ, ತಿಳಿದವರ ಕೈಯಲ್ಲೇ ತೊಳೆಸಬೇಕು. ಹಾಡುವಾಗ ಪಾಪ್ ಫಿಲ್ಟರ್ ಬಿಡಬೇಡಿ, ಹತ್ತಿರದಿಂದ ಹಾಡುವವರ ಉಸಿರೇ ಅರ್ಧ ತೊಂದರೆ. ಚಳಿಯ ಕೋಣೆಯಿಂದ ಜನ ತುಂಬಿದ ಬೆಚ್ಚನೆಯ ಕೋಣೆಗೆ ತಂದಾಗ ಅರ್ಧ ಗಂಟೆ ಡಬ್ಬಿಯನ್ನು ಮುಚ್ಚಿಯೇ ಇಡಿ, ಇಲ್ಲವಾದರೆ ಕನ್ನಡಕದ ಮೇಲೆ ಮಂಜು ಕೂತಂತೆ ಪೊರೆಯ ಮೇಲೂ ಕೂರುತ್ತದೆ.

ಮಳೆಗಾಲವಿಡೀ ಹೊರಗೆ ಕೆಲಸ ಮಾಡಬೇಕಾದವರಿಗೆ ಬೇರೆ ಜಾತಿಯ ಕಂಡೆನ್ಸರ್ ಇದೆ: ಸೆನ್‌ಹೈಸರ್‌ನ ಎಂಕೆಎಚ್ ಸಾಲು, ರೋಡ್ ಎನ್‌ಟಿಜಿ3. ಇವು ರೇಡಿಯೋ ಆವರ್ತನದ ಬಯಸ್ ಬಳಸುವುದರಿಂದ ಗಿಗಾಓಮ್ ಜಾಗವೇ ಇರುವುದಿಲ್ಲ, ತೇವಕ್ಕೆ ಜಗ್ಗುವುದಿಲ್ಲ. ಬೆಲೆ ಹೆಚ್ಚು. ಮನೆಯೊಳಗೆ ಮಾತು ಮಾತ್ರ ರೆಕಾರ್ಡ್ ಮಾಡುವವರಿಗೆ ಒಳ್ಳೆಯ ಡೈನಮಿಕ್ ಮೈಕೇ ಸಾಕು, ಆದರೆ ಶೂರ್ ಎಸ್‌ಎಂ7ಬಿ ಅಂಥದ್ದಕ್ಕೆ 60 ಡಿಬಿಯಷ್ಟು ಗೇನ್ (ದನಿ ಏರಿಸುವ ಮಟ್ಟ) ಬೇಕು. ನಿಮ್ಮ ಇಂಟರ್‌ಫೇಸ್ ಅಷ್ಟು ಕೊಡುತ್ತದೆಯೇ ನೋಡಿಕೊಳ್ಳಿ.

ಪ್ರಶ್ನೆ: ಕರೆಂಟ್ ಹೋಗಿ ಇನ್ವರ್ಟರ್ ಬಂದೊಡನೆ ರೆಕಾರ್ಡಿಂಗ್‌ನಲ್ಲಿ ಜುಂಯ್ ಎನ್ನುವ ಸದ್ದು. ಮೈಕಿಗೆ 48 ವೋಲ್ಟ್ ಸಾಲದೇ ಹೀಗಾಗುತ್ತಿದೆಯೇ? (ಸೋಮವಾರಪೇಟೆ)

ಉತ್ತರ: ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಅದರ 50 ಹರ್ಟ್ಸ್ ಜೊತೆಗೆ 150, 250 ಎಂದು ಮೇಲಿನ ಸದ್ದುಗಳೂ ಚಾರ್ಜರಿನ ಮೂಲಕ ಬರುತ್ತವೆ. ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ, ಯುಎಸ್‌ಬಿಯಿಂದ ನಡೆಯುವ ಇಂಟರ್‌ಫೇಸಿನಲ್ಲಿ ರೆಕಾರ್ಡ್ ಮಾಡಿ ನೋಡಿ. ಸದ್ದು ನಿಂತರೆ ಮೈಕಿನ ತಪ್ಪಿಲ್ಲ.

48 ವೋಲ್ಟನ್ನು ಅಳೆಯುವುದು ಸುಲಭ. ಕೇಬಲ್ಲಿನ ತುದಿಯಲ್ಲಿ, ಮೈಕ್ ಹಾಕದೆ, ಮಲ್ಟಿಮೀಟರಿನ ಕಪ್ಪು ಕಡ್ಡಿ 1ನೇ ಪಿನ್ನಿಗೆ, ಕೆಂಪು 2ಕ್ಕೆ, ಆಮೇಲೆ 3ಕ್ಕೆ. ಎರಡರಲ್ಲೂ 44ರಿಂದ 52ರೊಳಗೆ ಬರಬೇಕು. ಒಂದರಲ್ಲಿ ಮಾತ್ರ ಇಲ್ಲವೆಂದರೆ ಕೇಬಲ್ಲಿನ ಬೆಸುಗೆ ಬಿಟ್ಟಿದೆ. ಎರಡೂ ಕಡಿಮೆಯಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರ ಲ್ಯಾಪ್‌ಟಾಪಿಗೆ ಹಾಕಿ. ಮೈಕ್ ಹಾಕಿದಾಗ ವೋಲ್ಟೇಜ್ ಇಳಿಯುವುದು ಸಹಜ: ಎರಡು 6.8 ಕಿಲೋಓಮ್ ರೆಸಿಸ್ಟರುಗಳ ಮೂಲಕ ಬರುವುದರಿಂದ 4 ಮಿಲಿಆಂಪ್ ಎಳೆಯುವ ಮೈಕಿಗೆ ತಲುಪುವುದು 34 ವೋಲ್ಟ್ ಮಾತ್ರ. ಅದನ್ನು ನೋಡಿ ಗಾಬರಿಯಾಗಬೇಡಿ.

ಪ್ರಶ್ನೆ: ನಾವು ನಾಲ್ವರು ದುಡಿಕೊಟ್ಟ್ ಪಾಟ್ (ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಹಾಡು) ಹಾಡುತ್ತೇವೆ. ನಾಲ್ವರ ಕೈಯಲ್ಲೂ ದುಡಿ. ಇಬ್ಬರಿಬ್ಬರಾಗಿ ಸರದಿಯಲ್ಲಿ ಹಾಡು. ಒಂದೇ ಮೈಕಿನಲ್ಲಿ ರೆಕಾರ್ಡ್ ಮಾಡಿದರೆ ದುಡಿ ಮುಂದೆ ಬಂದು ಮಾತು ಮುಳುಗುತ್ತದೆ. ಯಾವ ಮೈಕ್, ಹೇಗೆ ಇಡಬೇಕು? (ಗೋಣಿಕೊಪ್ಪ)

ಉತ್ತರ: ಯು 87ರ ಬೆಲೆಯಲ್ಲಿ ಒಂದು ಪಾಲು ಮೂರು ದಿಕ್ಕಿನ ಸ್ವಿಚ್ಚಿಗೆ ಸಲ್ಲುತ್ತದೆ. ನಿಮಗೆ ಬೇಕಾದ್ದು ಅದೇ. ಕಡಿಮೆ ಹಣದಲ್ಲಿ ರೋಡ್ ಎನ್‌ಟಿ2-ಎ, ವಾರ್ಮ್ ಆಡಿಯೋ ಡಬ್ಲ್ಯೂಎ-47 ಜೂನಿಯರ್ ಎರಡರಲ್ಲೂ ಮೂರು ದಿಕ್ಕುಗಳಿವೆ. ತೀರಾ ಕಡಿಮೆಗೆ ಬೆರಿಂಜರ್ ಬಿ-2 ಪ್ರೊ. ದುಡಿಯ ಪೆಟ್ಟಿಗೆ ಪ್ಯಾಡ್ ಬೇಕಾಗುತ್ತದೆ, ಎನ್‌ಟಿ2-ಎಯಲ್ಲಿ 5 ಮತ್ತು 10 ಡಿಬಿಯದು ಇದೆ. ನಾವಾದರೆ ಅದನ್ನೇ ಆರಿಸುತ್ತೇವೆ.

ಸ್ವಿಚ್ಚನ್ನು ಎಂಟರ ಆಕಾರಕ್ಕೆ ಹಾಕಿ. ಮೈಕಿನ ಮುಂದೆ ಇಬ್ಬರು, ಹಿಂದೆ ಇಬ್ಬರು, ಎದುರು ಬದುರು. ಬಾಯಿಯಿಂದ ಮೈಕಿಗೆ 60 ಸೆಂ.ಮೀ. ಈ ದಿಕ್ಕಿನಲ್ಲಿ ಮೈಕ್ ಬದಿಗಳಿಂದ ಬರುವುದನ್ನು ಕೇಳುವುದಿಲ್ಲ, ಮೇಲಿನಿಂದ ಕೆಳಗಿನಿಂದ ಬರುವುದನ್ನೂ ಕೇಳುವುದಿಲ್ಲ. ಹಾಗಾಗಿ ಒಂದು ಬದಿಯನ್ನು ಜೀರುಂಡೆ ಕೂಗುವ ಕಿಟಕಿಯ ಕಡೆ ಮಾಡಿ.

ದುಡಿ ಇರುವುದು ಎದೆಯ ಮಟ್ಟಕ್ಕಿಂತ ಕೆಳಗೆ, ಮೈಯಿಂದ ತುಸು ಮುಂದೆ. ಅಂದರೆ ಬಾಯಿಗಿಂತ ಮೈಕಿಗೆ ಹತ್ತಿರ. ಇಂಥ ಕಡೆ ಎಲ್ಲರೂ ಮಾಡುವುದು ಮೈಕನ್ನು ಎತ್ತರಿಸಿ ಹಾಡುವವರ ಕಡೆ ಬಗ್ಗಿಸುವುದು. ಬಗ್ಗಿಸಬೇಡಿ. ಬಗ್ಗಿಸಿದರೆ ಮುಂದಿನವರ ದುಡಿಗೆ ನೇರ ಮುಖ ಮಾಡಿದಂತೆ, ಹಿಂದಿನವರ ತಲೆಯ ಮೇಲಿನ ಗಾಳಿಗೆ ಬೆನ್ನು ಮಾಡಿದಂತೆ. ಮೈಕನ್ನು ನೇರ ನಿಲ್ಲಿಸಿಯೇ ಬಾಯಿಯ ಮಟ್ಟಕ್ಕಿಂತ ಒಂದು ಗೇಣು, ಸುಮಾರು 20 ಸೆಂ.ಮೀ., ಮೇಲಕ್ಕೆತ್ತಿ. ದುಡಿ ಬಾಯಿಗಿಂತ 45 ಸೆಂ.ಮೀ. ಕೆಳಗೆ, 30 ಸೆಂ.ಮೀ. ಮುಂದೆ ಇದೆಯೆಂದು ಲೆಕ್ಕ ಹಾಕಿದರೆ, ಈ ಒಂದು ಗೇಣಿನಿಂದ ಹಾಡಿಗೆ ಹೋಲಿಸಿದಾಗ ದುಡಿ ಇನ್ನೂ ಸುಮಾರು 4 ಡಿಬಿ ತಗ್ಗುತ್ತದೆ. ಹಾಡಿನ ದನಿ ಕಳೆದುಕೊಳ್ಳುವುದು 1 ಡಿಬಿಗೂ ಕಡಿಮೆ. ಸಾಲದಿದ್ದರೆ ಇನ್ನೂ ನಾಲ್ಕು ಬೆರಳು ಎತ್ತಿ. ಅದಕ್ಕಿಂತ ಎತ್ತಿದರೆ ಮಾತಿನ ಸ್ಪಷ್ಟತೆಯೂ ಹೋಗುತ್ತದೆ.

ದುಡಿಯ ಅತಿ ಜೋರು ಪೆಟ್ಟು ಮೀಟರಿನಲ್ಲಿ ಮೈನಸ್ 12 ದಾಟದಂತೆ ಗೇನ್ ಇಡಿ, 24 ಬಿಟ್, 48 ಕಿಲೋಹರ್ಟ್ಸ್. ಒಂದೇ ಮೈಕ್ ಆದ್ದರಿಂದ ಆಮೇಲೆ ಒಬ್ಬರ ದನಿಯನ್ನು ಮಾತ್ರ ಏರಿಸಲು ಬರುವುದಿಲ್ಲ. ಮೊದಲು ಒಂದು ನಿಮಿಷ ಹಾಡಿ ಕೇಳಿ. ಯಾವ ಜೋಡಿ ಜೋರೋ ಅವರನ್ನು 10 ಸೆಂ.ಮೀ. ಹಿಂದೆ ಸರಿಸಿ, ಮತ್ತೆ ಕೇಳಿ. ಕಾಲಿನ ಜಾಗ ಸರಿಯಾದ ಮೇಲೆ ನೆಲಕ್ಕೆ ಟೇಪ್ ಅಂಟಿಸಿಬಿಡಿ. ಹಾಡು ಉದ್ದವಾದಂತೆ ಎಲ್ಲರೂ ತಿಳಿಯದೆಯೇ ಮೈಕಿನ ಹತ್ತಿರ ಬರುತ್ತಾರೆ.